ಉತ್ತರ ಕೆಳಗಿದೆ

ಇವತ್ತು ಬೆಳಿಗ್ಗೆ, ಕಪ್ಪಿನಲ್ಲಿದ್ದ ಚಹಾ ಆರುವ ಮುಂಚೆಯೇ ಒಂದು ಮೇಲ್ ಬಂತು. ಯಾವುದೋ ಚರ್ಚಾ ಗುಂಪಿನಲ್ಲಿ ಮೊನ್ನೆ ನಾನು ಬರೆದದ್ದಕ್ಕೆ ಯಾರೋ ಪುಣ್ಯಾತ್ಮರು ಉತ್ತರ ಕೊಟ್ಟಿದ್ದರು. ನನ್ನ ಮಾತನ್ನು ಎತ್ತಿ ಮೇಲಿಟ್ಟು, ಸಾಲಿನ ಎಡಕ್ಕೆ ಬಾಣದ ಮೊನೆಯಂಥ ಗುರುತು ಹಾಕಿ, ತಮ್ಮ ಮಾತನ್ನು ಕೆಳಗೆ ಬರೆದಿದ್ದರು. ಶಿಸ್ತಿನ ಮನುಷ್ಯ ಅಂದುಕೊಂಡೆ. ಆಮೇಲೆ ನೋಡಿದರೆ ನನ್ನ ವಾಕ್ಯದ ಹೊಟ್ಟೆಯೊಳಗೆ ಮೂರು ಚುಕ್ಕೆಗಳು ಕೂತಿದ್ದವು. ನಾನು ಇಟ್ಟ ಚುಕ್ಕೆಗಳಲ್ಲ ಅವು. ಹಳೆಯ ಮೇಲ್ ತೆಗೆದು ಹೋಲಿಸಿದೆ. ಚುಕ್ಕೆಗಳ ಕೆಳಗೆ ಹೂತುಹೋಗಿದ್ದು ಒಂದು ‘ಬಹುಶಃ’ ಮತ್ತು ಒಂದು ‘ಆದರೂ’.

ಇಷ್ಟಕ್ಕೆ ಚಹಾ ಆರಿಸಿಕೊಳ್ಳಬೇಕೇ ಎಂದು ನೀವು ಕೇಳಬಹುದು. ಏನು ಮಾಡಲಿ, ಯಾರಾದರೂ ಇನ್ನೊಬ್ಬರ ಮಾತನ್ನು ತಿರುಗಿ ಹೇಳಿದರೆ ನನಗೆ ಮೊದಲು ಕಾಣುವುದು ಅವರು ಬಿಟ್ಟದ್ದು. ಇದು ಗುಣವೋ ರೋಗವೋ ನಾನು ತೀರ್ಮಾನಿಸಿಲ್ಲ. ಮನೆಯಲ್ಲಿ ತೀರ್ಮಾನವಾಗಿದೆ. “ಈಕಿಗೆ ಅನ್ನ ಬಡಿಸಿದ್ರೂ ಪರ ಐತ್ಯೋ ವಿರೋಧ ಐತ್ಯೋ ಅಂತ ಕೇಳಿ ಉಣತಾಳ” ಎಂದು ನಮ್ಮವ್ವ ಬಂದವರೆದುರು ಹೇಳುತ್ತಾಳೆ. ಬಂದವರು ನನ್ನ ಮದುವೆಯ ವಿಷಯ ಎತ್ತಲೆಂದೇ ಬಂದವರಾದರೆ ಇನ್ನಷ್ಟು ಗಟ್ಟಿಯಾಗಿ ಹೇಳುತ್ತಾಳೆ.

ಈ ಸಂಶಯಕ್ಕೆ ಇಂಟರ್‌ನೆಟ್ಟಿಗಿಂತ ಹೆಚ್ಚು ವಯಸ್ಸಾಗಿದೆ. ಗೋಕಾಕದ ನಮ್ಮ ಮನೆಗೆ ಸಂತೆಯ ದಿನ ತಪ್ಪದೆ ಬರುತ್ತಿದ್ದ ಸೋದರತ್ತೆ ಒಬ್ಬಳಿದ್ದಳು. “ಆಕಿ ಹಿಂಗಂದ್ಲು ನೋಡವಾ” ಎಂದು ಶುರು ಮಾಡಿದಳೆಂದರೆ ಅಂದವಳ ಧ್ವನಿ, ಕೈ ತಿರುವುವ ರೀತಿ, ಸೆರಗು ಸಿಗಿಸುವ ರೀತಿ ಎಲ್ಲ ನಡುಮನೆಗೆ ಬಂದು ನಿಲ್ಲುತ್ತಿದ್ದವು. ಅತ್ತೆ ಒಂದು ಸುಳ್ಳನ್ನೂ ಹೇಳುತ್ತಿರಲಿಲ್ಲ. ಬೇಗ ನಿಲ್ಲಿಸುತ್ತಿದ್ದಳು, ಅಷ್ಟೇ. ನಮ್ಮ ದೊಡ್ಡವ್ವ ಅವ್ವನ ಬಗ್ಗೆ, “ಆಕಿ ಕೈ ಅಡಗಿ ಉಂಡ್ರ ಹೊಟ್ಟಿ ಕೆಡತೈತವಾ, ಬ್ಯಾಡ ಬ್ಯಾಡ ಅಂದ್ರೂ ಎರಡು ರೊಟ್ಟಿ ಹೆಚ್ಚಿಗಿ ಹೋಗತಾವು” ಎಂದಿದ್ದಳಂತೆ. ಅತ್ತೆ ಅದರ ಮೊದಲ ಅರ್ಧವನ್ನು ತಂದು ನಮ್ಮ ಅಡುಗೆಮನೆಯಲ್ಲಿ ಇಳಿಸಿದಳು. ಆ ವರ್ಷದ ದೀಪಾವಳಿಗೆ ಎರಡು ಮನೆಗಳ ನಡುವೆ ಕರ್ಚಿಕಾಯಿ ಹೋಗಿ ಬರಲಿಲ್ಲ.

ಬೇಗ ನಿಲ್ಲಿಸುವವರನ್ನು ಹಿಡಿಯುವ ವಿದ್ಯೆ ಕಲಿಸಿದವರು ಕಲ್ಲೋಳಿಯ ಚೌಗಲಾ ಸರ್. ಶಾಲೆಯಲ್ಲಿ ಅವರು ಹೇಳುತ್ತಿದ್ದದ್ದು ಸಮಾಜ, ಹೇಳಲು ಇಷ್ಟವಿದ್ದದ್ದು ಚರ್ಚೆ. ರವಿವಾರ ಸುತ್ತಲಿನ ಊರುಗಳ ಮಕ್ಕಳನ್ನು ತಮ್ಮ ಪಡಸಾಲೆಯಲ್ಲಿ ಕೂರಿಸಿಕೊಂಡು ವಾದ ಮಾಡಿಸುತ್ತಿದ್ದರು. ಅವರದ್ದು ಒಂದೇ ಕಟ್ಟಳೆ. “ಎದುರಿನಾಂವ ಏನಂದ ಅನ್ನೂದನ್ನ ಮೊದಲ ಪೂರಾ ಹೇಳು. ಹೌದು, ನಾ ಅಂದಿದ್ದು ಇದ ಅಂತ ಅಂವಾ ಒಪ್ಪಬೇಕು. ಆಮ್ಯಾಲ ಕಡಿ.” ಅಲ್ಲಿ ನನ್ನ ಜೋಡಿ ಹತ್ತರಗಿಯ ಸುಜಾತಾ. ಪೂರಾ ಹೇಳುವ ಕೆಲಸ ಅವಳದು, ಕಡಿಯುವ ಕೆಲಸ ನನ್ನದು. ಅವಳು ಎದುರಾಳಿಯ ಮಾತನ್ನು ಎಷ್ಟು ಚೆಂದ ಹೇಳುತ್ತಿದ್ದಳೆಂದರೆ ಎಷ್ಟೋ ಸಲ ಸಭೆ ಅದಕ್ಕೇ ಚಪ್ಪಾಳೆ ತಟ್ಟಿಬಿಡುತ್ತಿತ್ತು. ನಾನು ಆಮೇಲೆ ಎದ್ದು ಕಡಿಯುವಾಗ ನಮ್ಮದೇ ತಂಡದ ಎರಡು ಭಾಗ ಜಗಳಾಡಿದ ಹಾಗೆ ಕಾಣುತ್ತಿತ್ತು.

ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿತ್ತು. ಸರ್ ತೀರಿಕೊಂಡಿದ್ದರು. ಅವರ ನೆನಪಿಗೆ ವರ್ಷಕ್ಕೊಂದು ಚರ್ಚಾ ಸ್ಪರ್ಧೆ ನಡೆಸುವುದೆಂದು ಶಿಷ್ಯರೆಲ್ಲ ಸೇರಿ ಗೊತ್ತುಮಾಡಿ, ಅದರ ಮಾತುಕತೆಗೆಂದು ಒಂದು ಇ-ಮೇಲ್ ಗುಂಪು ಹುಟ್ಟಿಕೊಂಡಿತು. ಹುಟ್ಟಿಸಿದವರು ಮೂಡಲಗಿಯ ಭೂಪಾಲಣ್ಣ. ಪಂಪ್‌ಸೆಟ್ ಸಾಮಾನಿನ ಅಂಗಡಿ, ಜೈನರ ಹಳೆಯ ವ್ಯಾಪಾರದ ಮನೆ. ಗಿರಾಕಿಯ ಜೊತೆ ಚೌಕಾಶಿ ಕನ್ನಡದಲ್ಲಿ, ಸಿಟ್ಟು ಬಂದರೆ ಮರಾಠಿಯಲ್ಲಿ. ನಮಗಿಂತ ಬಹಳ ಹಿರಿಯರು, ಸರ್ ಅವರ ಮೊದಲ ಶಿಷ್ಯ ತಾನೇ ಎಂದು ನಂಬಿದವರು. ಗುಂಪಿನೊಳಗೆ ಯಾರ ಮೇಲ್ ಬರಬೇಕು, ಯಾರದು ಬರಬಾರದು ಎಂಬ ಕೀಲಿ ಅವರ ಕೈಯಲ್ಲಿತ್ತು. ಇದನ್ನು ನಾನು ಮೊದಲ ದಿನವೇ ಗಮನಿಸಿ ಮನಸ್ಸಿನಲ್ಲಿ ಒಂದು ಕಡೆ ಇಟ್ಟುಕೊಂಡೆ.

ನಾನು ಮೇಲ್ ನೋಡುತ್ತಿದ್ದದ್ದು ಗೋಕಾಕದ ಬಜಾರಿನಲ್ಲಿ, ಕರದಂಟಿನ ಅಂಗಡಿಯ ಮೇಲಿದ್ದ ಸೈಬರ್ ಸೆಂಟರಿನಲ್ಲಿ. ಕೆಳಗೆ ತುಪ್ಪದಲ್ಲಿ ಅಂಟು ಅರಳುವ ವಾಸನೆ ಮೆಟ್ಟಿಲು ಹತ್ತಿ ಬಂದು ಪಕ್ಕದ ಕುರ್ಚಿಯಲ್ಲಿ ಕೂತಿರುತ್ತಿತ್ತು. ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತಿದ್ದ ಕಾಲ ಅದು. ಗುಂಪಿನ ಪತ್ರವ್ಯವಹಾರವೆಂದರೆ ಸಂತೆ. ಒಬ್ಬರು ಉದ್ದನೆಯ ಮೇಲ್ ಪೂರ್ತಿ ಹೊತ್ತು ತಂದು ಅದರ ತಲೆಯ ಮೇಲೆ ‘ನನ್ನದೂ ಅದೇ’ ಎಂದು ಬರೆದು ಕಳಿಸುವರು. ಇನ್ನೊಬ್ಬರು ಯಾರಿಗೆ ಉತ್ತರ ಎಂಬುದನ್ನೇ ಹೇಳದೆ ‘ಇದು ಸರಿಯಲ್ಲ’ ಎನ್ನುವರು. ಗುಂಪಿನಲ್ಲಿದ್ದವರೆಲ್ಲ ತಮಗೇ ಅಂದರೆಂದು ಎರಡು ದಿನ ಮುನಿಸಿಕೊಂಡಿರುವರು. ಇದನ್ನೆಲ್ಲ ನೋಡಲಾರದೆ, ಯಾರೂ ಕೇಳದಿದ್ದರೂ, ನಾನು ನಿಯಮಗಳನ್ನು ಬರೆದು ಕಳಿಸಿದೆ. ಯಾವ ಮಾತಿಗೆ ಉತ್ತರವೋ ಆ ಮಾತನ್ನಷ್ಟೇ ಎತ್ತಿಕೊಳ್ಳಿ. ಅದು ಯಾರದೆಂದು ಹೇಳುವ ಸಾಲನ್ನು ಅಳಿಸಬೇಡಿ. ಬಾಣದ ಗುರುತು ಇರಲಿ. ನಿಮ್ಮ ಉತ್ತರ ಕೆಳಗಿರಲಿ, ಯಾಕೆಂದರೆ ಪ್ರಶ್ನೆಯ ಮುಂಚೆ ಉತ್ತರ ಕೇಳುವ ಅಭ್ಯಾಸ ಯಾವ ಸಭೆಯಲ್ಲೂ ಇಲ್ಲ.

ಭೂಪಾಲಣ್ಣ ಒಂದೇ ಸಾಲಿನಲ್ಲಿ ಉತ್ತರಿಸಿದರು. “ತಂಗಿ, ಛಲೋ ಮಾಲು ನಾವು ಅಂಗಡ್ಯಾಗ ಮುಂದ ಇಡತೇವಿ, ಹಿಂದಲ್ಲ.” ಈ ಸಾಲಿನ ಕೆಳಗೆ ನನ್ನ ನಿಯಮಗಳೆಲ್ಲ ಇಡಿಯಾಗಿ, ಅವುಗಳ ಕೆಳಗೆ ಹಿಂದಿನ ವಾರದ ಮೇಲ್‌ಗಳೆಲ್ಲ ಒಂದರ ಬಾಲ ಒಂದು ಹಿಡಿದು ಬಂದಿದ್ದವು. ನನ್ನ ನಿಯಮ ಪಾಲಿಸಿದ್ದು ಗುಂಪಿನಲ್ಲಿ ಸುಜಾತಾ ಒಬ್ಬಳೇ. ಅವಳೂ ಪೂರ್ತಿ ಪಾಲಿಸಲಿಲ್ಲ. ಎದುರಿನವರ ಮಾತಲ್ಲಿ ಬೇಕಾದಷ್ಟನ್ನೇ ಎತ್ತಿಕೋ ಎಂದರೆ, “ಬೇಕಾದಷ್ಟು ಯಾವುದು ಅನ್ನೂದನ್ನ ನಾನ ಠರಾವ್ ಮಾಡಿದ್ರ ಅದೂ ಒಂದು ಮೋಸನ ಅಲ್ಲೇನ?” ಎಂದು ಕೇಳಿ, ಮಾತನ್ನು ಇಡಿಯಾಗಿ ಎತ್ತಿಕೊಂಡು ಕೆಳಗೆ ಉತ್ತರ ಬರೆಯುತ್ತಿದ್ದಳು. ಆಗವಳು ದಡ್ಡಿಯ ಹೈಸ್ಕೂಲಿನಲ್ಲಿ ಟೀಚರ್. ಹತ್ತರಗಿಯ ಮನೆಯಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದಳು. ಸಂಜೆ ಶಾಲೆ ಬಿಟ್ಟ ಮೇಲೆ ಕೆಲವು ಹುಡುಗಿಯರನ್ನು ನಿಲ್ಲಿಸಿಕೊಂಡು ಸರ್ ಕಲಿಸಿದ್ದನ್ನು ಕಲಿಸುತ್ತಿದ್ದಳು.

ಆ ಹುಡುಗಿಯರ ಮೇಲೆಯೇ ಭೂಪಾಲಣ್ಣನ ಒಂದು ಉದ್ದನೆಯ ಮೇಲ್ ಬಂತು. ಸ್ಪರ್ಧೆಗೆ ಪೇಟೆಯ ಶಾಲೆಗಳನ್ನಷ್ಟೇ ಕರೆಯೋಣ ಎಂಬುದು ಅವರ ವಾದ. “ದಡ್ಡಿಯಂಥ ಹಳ್ಳಿಯ ಹುಡುಗಿಯರನ್ನು ವೇದಿಕೆಗೆ ತರುವುದು ಅವರಿಗೇ ಅನ್ಯಾಯ. ಮನೆಯಲ್ಲಿ ಅಪ್ಪನೆದುರು ಬಾಯಿ ಬಿಡದವರು ಸಭೆಯೆದುರು ಬಿಟ್ಟಾರೆಯೇ? ಕಲಿಸಿದ್ದನ್ನು ಗಿಳಿಯ ಹಾಗೆ ಒಪ್ಪಿಸಿ ಇಳಿಯುತ್ತಾರೆ. ಗಿಳಿಗೆ ಬಹುಮಾನ ಕೊಟ್ಟರೆ ಸರ್ ಹೆಸರಿಗೆ ಕಳಂಕ.” ಇದೇ ಧಾಟಿಯಲ್ಲಿ ಇನ್ನೂ ಬಹಳ ಇತ್ತು. ಸುಜಾತಾ ಅದಷ್ಟನ್ನೂ ಎತ್ತಿಕೊಂಡು, ಪ್ರತಿ ಸಾಲಿಗೂ ಬಾಣದ ಗುರುತು ಇಟ್ಟು, ಕೆಳಗೆ ಉತ್ತರ ಬರೆದಳು. ಒಳ್ಳೆಯ ಉತ್ತರ. ಗುಂಪಿನಲ್ಲಿ ಹೆಚ್ಚಿನವರು ಅವಳ ಕಡೆಗೇ ವಾಲಿದರು. ಹಳ್ಳಿಯ ಶಾಲೆಗಳಿಗೂ ಕರೆ ಹೋಗುವುದೆಂದು ನಿಶ್ಚಯವಾಯಿತು. ನಾವು ಗೆದ್ದೆವು.

ಮುಂದಿನ ವಾರ ಸುಜಾತಾ ಗೋಕಾಕಕ್ಕೆ ಬಂದಳು. ಸ್ಪರ್ಧೆಗೆ ಹೆಚ್ಚು ದಿನ ಉಳಿದಿರಲಿಲ್ಲ. ಬಂದವಳು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲಿ ನಿಂತಳು.

“ಹುಡುಗ್ಯಾರು ಬರವಲ್ರು” ಎಂದಳು.

“ಯಾಕ? ಪರೀಕ್ಷಾ ಹತ್ರ ಬಂತೇನ?”

“ಒಬ್ಬಾಕಿನೂ ನಿಲ್ಲವಲ್ಲಳು. ಸಾಲಿ ಬಿಟ್ಟ ಕೂಡಲೆ ಚೀಲ ಹಾಕ್ಕೊಂಡು ಹೋಗತಾರ. ಕ್ಲಾಸಿನ್ಯಾಗ ನನ್ನ ಮಾರಿ ನೋಡೂದಿಲ್ಲ. ನಿನ್ನೆ ರೇಣುಕಾನ ಅಪ್ಪ ಬಸ್‌ಸ್ಟ್ಯಾಂಡಿನ್ಯಾಗ ಸಿಕ್ಕಿದ್ದ. ಗಿಳಿ ಮಾತಾಡೂದಿಲ್ರಿ ಟೀಚರ, ಅಂದು ಹೊಂಟಹೋದ.”

ಗಿಳಿ ಅಂದ ಕೂಡಲೇ ಅವಳಿಗೆ ಅನುಮಾನ ಬಂದು ನೆಟ್ಟಗೆ ಹುಕ್ಕೇರಿಗೆ ಹೋಗಿದ್ದಳು. ಹುಕ್ಕೇರಿಯ ಏರ್ಪಾಡನ್ನು ಇಲ್ಲಿ ಹೇಳಿಬಿಡಬೇಕು. ಅಲ್ಲಿ ನಮ್ಮ ಗುಂಪಿನ ಮೇಲ್‌ಗಳನ್ನು ಕಂಪ್ಯೂಟರ್ ಇಲ್ಲದವರೂ ಓದಲೆಂದು ಟೈಪಿಂಗ್ ಕ್ಲಾಸಿನ ಜೋಶಿ ಕಾಕಾ ಒಂದು ಉಪಕಾರ ಮಾಡುತ್ತಿದ್ದರು. ಪರದೆಯ ಮೇಲೆ ಮೇಲ್ ಓದಿ, ಅದನ್ನು ತಮ್ಮ ಕನ್ನಡ ಟೈಪ್‌ರೈಟರಿನಲ್ಲಿ ಅಚ್ಚುಕಟ್ಟಾಗಿ ಬಡಿದು, ಕ್ಲಾಸಿನ ಹೊರಗೋಡೆಯ ಗಾಜಿನ ಬೋರ್ಡಿನೊಳಗೆ ಹಾಕುತ್ತಿದ್ದರು. ಸಂತೆಗೆ ಬಂದವರು, ಕಚೇರಿ ಕೆಲಸಕ್ಕೆ ಬಂದವರು, ಬಸ್ಸು ತಪ್ಪಿದವರು, ಎಲ್ಲರೂ ಓದುತ್ತಿದ್ದರು. ಒಬ್ಬರು ಗಟ್ಟಿಯಾಗಿ ಓದಿದರೆ ಸುತ್ತ ಹತ್ತು ಜನ ಕೇಳುತ್ತಿದ್ದರು.

ಆ ಬೋರ್ಡಿನಲ್ಲಿ ಸುಜಾತಾ ಕಂಡದ್ದು ಒಂದು ಹಾಳೆ. ಮೇಲೆ ಅವಳ ಹೆಸರು. ಕೆಳಗೆ, ದಡ್ಡಿಯಂಥ ಹಳ್ಳಿಯ ಹುಡುಗಿಯರನ್ನು ವೇದಿಕೆಗೆ ತರುವುದು ಅವರಿಗೇ ಅನ್ಯಾಯ. ಅಪ್ಪನೆದುರು ಬಾಯಿ ಬಿಡದವರು. ಗಿಳಿ. ಕಳಂಕ. ಅದೇ ಧಾಟಿಯಲ್ಲಿ ತುದಿಯವರೆಗೆ ತುಂಬಿ ಹಾಳೆ ಮುಗಿದಿತ್ತು. ಬಾಣದ ಗುರುತಿಲ್ಲ, ಭೂಪಾಲಣ್ಣನ ಹೆಸರಿಲ್ಲ, ಅವಳ ಉತ್ತರದ ಒಂದು ಅಕ್ಷರವಿಲ್ಲ.

“ಮನಿಯಾಗ ಬಾಯಿ ಬಿಡಾಕ ಬಿಡದಿದ್ರೂ ನಡೀತೈತಿ, ಇಲ್ಲಿ ಬಿಡ್ರಿ ಅಂತ ಅವರಿಗೆ ಹೇಳಿದಾಕಿ ನಾನ” ಎಂದಳು ಸುಜಾತಾ. “ಆ ಮಾತು ನನ್ನ ಹೆಸರಲೆ ಓದಿದಾಗ ಅವರಿಗೆ ಏನನಿಸಿರಬೇಕು ಹೇಳ.”

ನನ್ನ ತಲೆ ಆಗಲೇ ಖಟ್ಲೆ ಕಟ್ಟತೊಡಗಿತ್ತು. ಸೈಬರ್ ಸೆಂಟರಿಗೆ ಓಡಿ ನೋಡಿದೆ: ಗುಂಪಿನಲ್ಲಿ ಅವಳ ಮೇಲ್ ಬಾಣಗಳ ಸಮೇತ ಇಡಿಯಾಗಿಯೇ ಇತ್ತು. ಅಂದರೆ ಮಾತು ಕೆಟ್ಟದ್ದು ಪರದೆಗೂ ಬೋರ್ಡಿಗೂ ನಡುವೆ. ಯಾರಿಗೆ ಲಾಭ? ಭೂಪಾಲಣ್ಣನಿಗೆ. ಹಳ್ಳಿಯ ತಂಡ ಬರಬಾರದೆಂದು ಹೇಳಿದ್ದು ಅವರು. ಈಗ ತಂಡ ತಾನಾಗಿ ಬರುತ್ತಿಲ್ಲ. ಬಯ್ಗುಳ ಯಾರಿಗೆ? ಸುಜಾತಾಗೆ. ಜೋಶಿ ಕಾಕಾರಿಗೆ ಫೋನ್ ಮಾಡಿ ‘ಹೀಗೆ ಹಾಕಿ’ ಎನ್ನಲು ಎಷ್ಟು ಹೊತ್ತು? ಸುಜಾತಾ ಸುಮ್ಮನೆ ಕೇಳಿಸಿಕೊಂಡು, “ನಿನಗ ಯಾರರ ಒಬ್ಬರು ಕಳ್ಳರು ಬೇಕ ಬೇಕು” ಎಂದಳು. ಬೇಕಾಗಿತ್ತು. ಕಳ್ಳರಿಲ್ಲದ ಕಳವನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಮೂಡಲಗಿಯ ಅಂಗಡಿಯಲ್ಲಿ ಭೂಪಾಲಣ್ಣ ಒಬ್ಬ ಗಿರಾಕಿಗೆ ವಾಲ್ವ್ ತೋರಿಸುತ್ತಿದ್ದರು. ನಾನು ಗಿರಾಕಿ ಹೋಗುವವರೆಗೂ ಕಾಯಲಿಲ್ಲ.

“ಅಣ್ಣಾರ, ನಿಮ್ಮ ಮಾತು ಹುಕ್ಕೇರಿ ಬೋರ್ಡಿನ್ಯಾಗ ಸುಜಾತಾನ ಹೆಸರಿನ್ಯಾಗ ಹೆಂಗ ಹೋತು?”

“ಯಾವ ಮಾತು?”

“ಗಿಳಿ.”

ಭೂಪಾಲಣ್ಣ ವಾಲ್ವನ್ನು ಕೆಳಗಿಟ್ಟರು. “ಅದು ನಂದು” ಎಂದರು. “ನನ್ನ ಮಾತಿಗೆ ನನ್ನ ಹೆಸರು ಬ್ಯಾಡ ಅಂತ ನಾ ಯಾಕ ಅಂದೇನು? ಅರ್ಧಾ ದಿನಾ ಕುಂತು ಬರದೇನಿ ಅದನ್ನ. ಅಂಥಾ ಮಾತು ಮತ್ತೊಬ್ಬರ ಹೆಸರಲೆ ಹೋದ್ರ ನಂಗ ಲುಕ್ಸಾನ್, ತಂಗಿ.”

ನನಗೆ ಇದು ಗಟ್ಟಿ ವಾದವೆನಿಸಿತು. ಕಳ್ಳತನ ಮಾಡಿದವನು ಸಾಮಾನ್ಯವಾಗಿ ಸಾಮಾನು ತನ್ನದಲ್ಲ ಎನ್ನುತ್ತಾನೆ. ಇವರು ನನ್ನದೇ, ಕೊಡಿ ಎನ್ನುತ್ತಿದ್ದರು. ಗಿರಾಕಿ ನನ್ನನ್ನೂ ಅವರನ್ನೂ ನೋಡಿ, “ಗಿಳಿ ಕಳದೈತೇನ್ರಿ?” ಎಂದು ಕೇಳಿದ. ನಾನು ಅರ್ಧ ಸಂಶಯವನ್ನು ಅಂಗಡಿಯಲ್ಲಿ ಬಿಟ್ಟು, ಉಳಿದರ್ಧ ತೆಗೆದುಕೊಂಡು ಮರುದಿನ ಸುಜಾತಾಳ ಜೊತೆ ಹುಕ್ಕೇರಿಗೆ ಹೋದೆ.

ಜೋಶಿ ಕಾಕಾ ಟೈಪ್‌ರೈಟರಿನ ಮುಂದೆ ನೆಟ್ಟಗೆ ಕೂತಿದ್ದರು. ಸುತ್ತ ಹುಡುಗರು ಮಷೀನುಗಳನ್ನು ಬಡಿಯುತ್ತಿದ್ದರು, ಕೂಗಿಯೇ ಮಾತಾಡಬೇಕು. ನಾವು ಬಂದದ್ದು ಯಾಕೆಂದು ತಿಳಿದ ಮೇಲೆ ಅವರು ಗಾಬರಿಯಾಗಲಿಲ್ಲ. ತಮ್ಮ ಕೆಲಸದ ಬಗ್ಗೆ ಯಾರೋ ಕೊನೆಗೂ ವಿಚಾರಿಸಿದರಲ್ಲ ಎಂಬಂತೆ ಹಿಗ್ಗಿದರು.

“ನೋಡವಾ, ಭೂಪಾಲಣ್ಣಾರ ಮೇಲ್ ಬರತಾವಲ್ಲ, ಹೊಸಾ ಮಾತು ಮೊದಲ ಇರತೈತಿ, ಕೆಳಗ ಹೋದಂಗ ಎಲ್ಲಾ ಹಳೇದು. ಹೋದ ವಾರದ್ದು, ಅದರ ಹಿಂದಿನ ವಾರದ್ದು. ಅದನ್ನೆಲ್ಲಾ ಬಡದ್ರ ರಿಬ್ಬನ್ ಹಾಳು. ಅದಕ್ಕ ಒಂದು ಹಾಳಿ ತುಂಬಿತು ಅಂದ್ರ ನಿಲ್ಲಿಸಿಬಿಡತೇನಿ. ಬೋರ್ಡಿನ್ಯಾಗೂ ಒಂದ ಹಾಳಿಗೆ ಜಾಗಾ.”

“ನಂದರಾಗ ಹೊಸಾದು ಕೆಳಗಿತ್ರಿ ಕಾಕಾ” ಎಂದಳು ಸುಜಾತಾ.

“ಕೆಳಗ ಯಾರಿಡತಾರವಾ ಹೊಸಾದನ್ನ?”

“ಸಾಲಿನ ಮುಂದ ಬಾಣ ಇದ್ದೂವಲ್ಲ, ಅವು?” ಎಂದೆ ನಾನು.

ಕಾಕಾ ತಮ್ಮ ಮಷೀನಿನ ಕೀಲಿಗಳ ಮೇಲೆ ಕೈಯಾಡಿಸಿದರು. “ಇದರಾಗ ಆ ಅಕ್ಷರಾ ಇಲ್ಲ. ಕಂಪ್ಯೂಟರಿನ ಕಸಾ ಅಂತ ಬಿಟ್ಟೆ. ಮ್ಯಾಲ ಒಂದು ಇಂಗ್ಲಿಷ್ ಸಾಲೂ ಇತ್ತು, ಇಂಥಾವರು ಇಂಥಾ ತಾರೀಖಿಗೆ ಬರದ್ರು ಅಂತ. ಅದೂ ಮಷೀನಿಂದ ಅಂತ ಬಿಟ್ಟೆ.”

ಭೂಪಾಲಣ್ಣನ ಮೂಲ ಮೇಲ್ ಬಂದ ವಾರ ಕಾಕಾ ಟೈಪಿಂಗ್ ಪರೀಕ್ಷೆಯ ಡ್ಯೂಟಿಗೆ ಸಂಕೇಶ್ವರಕ್ಕೆ ಹೋಗಿದ್ದರಂತೆ. ಬಂದ ಮೇಲೆ ಇದ್ದದ್ದರಲ್ಲಿ ಹೊಸದನ್ನಷ್ಟೇ ಹಾಕಿದ್ದರು. ಹಾಗಾಗಿ ಹುಕ್ಕೇರಿಯ ಓದುಗರಿಗೆ ಆ ಮಾತು ಮೊದಲ ಸಲ ಕಂಡದ್ದೇ ಸುಜಾತಾಳ ಹೆಸರಿನಲ್ಲಿ.

“ಈಕಿ ಇಂಥಾ ಮಾತು ಯಾಕ ಬರದ್ಲು ಅಂತ ನಿಮಗ ಅನಸಲಿಲ್ಲೇನ್ರಿ?” ಎಂದು ಕೇಳಿದೆ.

“ಬಡಿಯೂ ಮುಂದ ವಿಷಯ ಓದಬಾರದವಾ. ವಿಷಯ ಓದಿದ್ರ ಬೆರಳು ತಪ್ಪತಾವು.”

ಇಲ್ಲಿಗೆ ನನ್ನ ಖಟ್ಲೆ ಬಿದ್ದುಹೋಗಬೇಕಿತ್ತು. ಬೀಳುತ್ತಿತ್ತು ಕೂಡ, ನಾವು ಏಳುವಾಗ ಕಾಕಾ ಸಮಾಧಾನಕ್ಕೆಂದು ಒಂದು ಮಾತು ಸೇರಿಸದೇ ಇದ್ದಿದ್ದರೆ. “ತಪ್ಪಾಗಿದ್ರ ಭೂಪಾಲಣ್ಣಾರರ ಹೇಳಬೇಕಿತ್ತು. ಹೋದ ಸಂತಿಗೆ ಬಂದಿದ್ರಲ್ಲ. ಬೋರ್ಡಿನ ಮುಂದ ನಿಂತು ಓದಿದ್ರು. ಛಲೋ ಬಂದೈತಿ ಕಾಕಾ, ಅಂದು ಹೋದ್ರು.”

ಸುಜಾತಾ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ಕಳ್ಳರಿಲ್ಲದಿದ್ದರೂ ಕಂಡು ಸುಮ್ಮನಿದ್ದವರು ಇದ್ದರು.

ಕಾಕಾ ಅಲ್ಲೇ ಕೂತು, ಮೊದಲ ಮಾತು ಭೂಪಾಲಣ್ಣನದೆಂದು ತಿಳಿಸಿ ಸುಜಾತಾಳ ಉತ್ತರವನ್ನೂ ಸೇರಿಸಿ, ಎರಡನೆಯ ಹಾಳೆ ಬಡಿದುಕೊಟ್ಟರು, ಮೇಲೆ ‘ತಿದ್ದುಪಡಿ’ ಎಂದು ಕೆಂಪು ರಿಬ್ಬನ್ನಿನಲ್ಲಿ ಹಾಕಿ. ನನಗೆ ಅದು ಗೆಲುವಿನ ಪತಾಕೆಯಂತೆ ಕಂಡಿತು. ಬೋರ್ಡಿನಲ್ಲೊಂದು ಇರಲಿ, ಇನ್ನೊಂದು ಪ್ರತಿಯನ್ನು ದಡ್ಡಿಗೆ ಒಯ್ದು ಹುಡುಗಿಯರ ಮುಂದೆ ಇಟ್ಟರೆ ಕೆಲಸ ಮುಗಿಯಿತು ಎಂದು ದಾರಿಯುದ್ದಕ್ಕೂ ಹೇಳುತ್ತ ಬಂದೆ. ಸುಜಾತಾ ಕಿಟಕಿಯಾಚೆ ನೋಡುತ್ತ ಕೂತಿದ್ದಳು. ಹತ್ತರಗಿಯಲ್ಲಿ ಬಸ್ಸು ಬದಲಿಸುವಾಗ, “ಹಾಳಿ ನೋಡಿ ಬಿಟ್ಟವರು ಹಾಳಿ ನೋಡಿ ಬರತಾರಂತ ಅಂದ್ಕೊಂಡೀಯೇನ?” ಎಂದಳು, ಅಷ್ಟೇ.

ದಡ್ಡಿಯ ಶಾಲೆಯಲ್ಲಿ ಶನಿವಾರದ ಬೆಳಗಿನ ಪಾಳಿ ಮುಗಿದಿತ್ತು. ನಾಲ್ಕೈದು ಹುಡುಗಿಯರನ್ನು ಹೆಡ್‌ಮಾಸ್ತರರು ಹೇಳಿ ನಿಲ್ಲಿಸಿಕೊಂಡಿದ್ದರು. ಅವರು ಕಟ್ಟೆಯ ಮೇಲೆ ಚೀಲಗಳನ್ನು ಮಡಿಲಲ್ಲಿಟ್ಟು ಕೂತಿದ್ದರು, ಯಾವಾಗ ಬೇಕಾದರೂ ಏಳುವ ಹಾಗೆ. ರೇಣುಕಾ ಹತ್ತನೆಯ ತರಗತಿಯವಳು, ಎತ್ತರದ ಹುಡುಗಿ. ನಾನು ಬೋರ್ಡಿನಿಂದ ತೆಗೆದು ತಂದಿದ್ದ ಹಾಳೆ, ತಿದ್ದುಪಡಿಯ ಹಾಳೆ ಎರಡನ್ನೂ ತೋರಿಸಿ, ಟೈಪ್‌ರೈಟರಿನ ಕತೆ, ರಿಬ್ಬನ್ನಿನ ಕತೆ, ಬಾಣದ ಕತೆ ಎಲ್ಲ ಹೇಳಿದೆ. ಎಷ್ಟು ಒಪ್ಪವಾಗಿ ಹೇಳಿದೆನೆಂದರೆ ನನಗೇ ಸಮಾಧಾನವಾಯಿತು.

ರೇಣುಕಾ ಎರಡನೆಯ ಹಾಳೆಯನ್ನು ಕೈಗೆ ತೆಗೆದುಕೊಂಡಳು. “ಇದನ್ನ ಯಾವಾಗ ಬಡದ್ರು ರಿ?”

“ಇವತ್ತು ಮುಂಜಾನೆ.”

“ಮತ್ತ ಇವತ್ತು ಮುಂಜಾನೆನ ಬರದಿರಬೌದಲ್ರಿ.”

“ಕಂಪ್ಯೂಟರಿನ್ಯಾಗ ತಾರೀಖು ಸಮೇತ ಐತಿ.”

“ಕಂಪ್ಯೂಟರ್ ನಮ್ಮೂರಾಗಿಲ್ರಿ.” ಅವಳ ದನಿಯಲ್ಲಿ ಉದ್ಧಟತನವಿರಲಿಲ್ಲ. ನಿಜಕ್ಕೂ ತಿಳಿದುಕೊಳ್ಳಲು ಕೇಳುತ್ತಿದ್ದಳು. “ನೀವು ಟೀಚರ್ ಗೆಳತಿ ಹೌದಲ್ರಿ ಅಕ್ಕಾರ?”

ನಾನು ಹೌದೆಂದೆ. ಅವಳು ಹಾಳೆಯನ್ನು ಮಡಚಿ ವಾಪಸು ಕೊಟ್ಟಳು. ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ, ಯಾಕೆಂದರೆ ಅವಳು ಕೇಳಿದ್ದನ್ನೇ ಅವಳ ಜಾಗದಲ್ಲಿ ನಾನೂ ಕೇಳುತ್ತಿದ್ದೆ, ಇನ್ನೂ ಸ್ವಲ್ಪ ಕೆಟ್ಟ ದನಿಯಲ್ಲಿ. ಅವಳ ವಾದದಲ್ಲಿ ತೂತು ಹುಡುಕಿದೆ. ಸಿಗಲಿಲ್ಲ.

ಸುಜಾತಾ ಕಟ್ಟೆಯ ಇನ್ನೊಂದು ತುದಿಗೆ ಕೂತಳು. “ಗ್ಯಾರಂಟಿ ಏನೂ ಇಲ್ಲ ರೇಣುಕಾ. ನಾ ಬರದಿಲ್ಲ ಅಂತ ನಾ ಹೇಳಬೌದು, ಈಕಿ ಹೇಳಬೌದು. ನಂಬಬೇಕು ಅಂತೇನಿಲ್ಲ. ಆ ಮಾತು ಖರೆ ಐತೋ ಸುಳ್ಳ ಐತೋ ಅದನ್ನರ ಹೇಳ.”

“ಸುಳ್ಳ.”

“ಹಂಗಾರ ಬಂದು ಉತ್ತರಾ ಕೊಡು. ಆ ಮಾತು ನಂದಾಗಿದ್ರ ನನಗ ಕೊಟ್ಟಂಗಾತು. ಭೂಪಾಲಣ್ಣಾರದಾಗಿದ್ರ ಅವರಿಗೆ ಕೊಟ್ಟಂಗಾತು. ನೀ ಸ್ಪರ್ಧಾಕ್ಕ ಬರಲಿಲ್ಲಂದ್ರ, ಆ ಮಾತು ಯಾರದ ಇದ್ರೂ ಅದ ಖರೆ ಆತು.”

ಹುಡುಗಿಯರು ಒಬ್ಬರನ್ನೊಬ್ಬರು ನೋಡಿದರು. ರೇಣುಕಾ ಎದ್ದು ಚೀಲ ಹೆಗಲಿಗೆ ಹಾಕಿಕೊಂಡು, “ಅಪ್ಪನ್ನ ಕೇಳತೇನ್ರಿ” ಎಂದಳು. ಬಸ್ಸಿಗೆ ಕಾಯುವಾಗ ನಾನು ಸುಜಾತಾಗೆ ಬುದ್ಧಿ ಹೇಳಿದೆ: ನೀನು ಬರೆದಿಲ್ಲವೆಂದು ಇನ್ನೊಮ್ಮೆ ಒತ್ತಿ ಹೇಳಬೇಕಿತ್ತು, ಇದು ಅರ್ಧ ಒಪ್ಪಿಕೊಂಡ ಹಾಗಾಯಿತು. “ಆಗಲಿ ಬಿಡ” ಎಂದಳು. ಅವಳ ಕಣ್ಣು ಕೆಂಪಾಗಿದ್ದವು. ಬಸ್ಸಿನ ಧೂಳು ಅಂದಳು. ಬಸ್ಸು ಇನ್ನೂ ಬಂದಿರಲಿಲ್ಲ.

ಗೋಕಾಕಕ್ಕೆ ಮರಳಿದ ಮೇಲೆ ನಾನು ಗುಂಪಿನಲ್ಲಿ ಭೂಪಾಲಣ್ಣನಿಗೆ ನೇರವಾಗಿ ಕೇಳಿದೆ, ಜೋಶಿ ಕಾಕಾರ ಮಾತನ್ನು ಪೂರ್ತಿ ಉಲ್ಲೇಖಿಸಿ: ನೀವು ಬೋರ್ಡನ್ನು ಓದಿಯೂ ಯಾಕೆ ಸುಮ್ಮನಿದ್ದಿರಿ? ಉತ್ತರ ಎಂದಿನಂತೆ ತಲೆಯ ಮೇಲೆ ಕೂತು ಬಂತು. “ಅವತ್ತು ಚಶ್ಮಾ ಮನಿಯಾಗ ಬಿಟ್ಟಿದ್ದೆ ತಂಗಿ. ಹಾಳಿ ನೆಟ್ಟಗ ಕುಂತೈತಿ ಅಂತ ಛಲೋ ಅಂದೆ.” ಅವರಿಗೆ ಕನ್ನಡಕ ಇದೆಯೆಂಬುದೇ ನನಗೆ ಅವತ್ತು ಗೊತ್ತಾಯಿತು.

ಸ್ಪರ್ಧೆ ಗೋಕಾಕದ ಒಂದು ಶಾಲೆಯ ಸಭಾಭವನದಲ್ಲಿ ನಡೆಯಿತು. ಭೂಪಾಲಣ್ಣ ಮುಂದಿನ ಸಾಲಿನಲ್ಲಿ ಕೂತು ಕಾರ್ಯಕ್ರಮದ ಹಾಳೆ ಓದುತ್ತಿದ್ದರು. ಚಶ್ಮಾ ಇರಲಿಲ್ಲ. ಸುಜಾತಾ ಹಿಂದೆ, ಬಾಗಿಲ ಬಳಿ, ರಸ್ತೆ ಕಾಣುವ ಕಡೆ ನಿಂತಿದ್ದಳು. ದಡ್ಡಿಯ ಹೆಸರನ್ನು ಎರಡು ಸಲ ಕೂಗಿಯಾದ ಮೇಲೆ ರೇಣುಕಾ ಬಂದಳು. ಜೊತೆಗೆ ಬೇರೆ ಹುಡುಗಿಯರಿರಲಿಲ್ಲ, ಅವಳ ಅಪ್ಪ ಇದ್ದ. ಅವನು ಸುಜಾತಾಳನ್ನು ನೋಡಿಯೂ ನೋಡದವನಂತೆ ಒಳಗೆ ಹೋಗಿ ಕೂತ.

ಅಂದಿನ ವಿಷಯ ದೂರದರ್ಶನದಿಂದ ಓದು ಹಾಳಾಯಿತೇ ಎಂಬುದು. ರೇಣುಕಾ ಮೈಕಿನ ಮುಂದೆ ನಿಂತು ಅದನ್ನು ತನ್ನ ಎತ್ತರಕ್ಕೆ ಏರಿಸಿಕೊಂಡಳು. ಭೂಪಾಲಣ್ಣ ಪಕ್ಕದವರ ಕಡೆ ವಾಲಿದರು. ಆಮೇಲೆ ಅವಳು, “ವಿಷಯಕ್ಕ ಬರೂ ಮೊದಲ ಒಂದು ಉತ್ತರಾ ಕೊಡೂದೈತ್ರಿ” ಎಂದು, ಆ ಹಾಳೆಯ ಮಾತನ್ನು ಬಾಯಿಪಾಠವಾಗಿ, ಒಂದು ಪದವನ್ನೂ ಬಿಡದೆ ಹೇಳಿದಳು. ಅನ್ಯಾಯ, ಅಪ್ಪ, ಬಾಯಿ, ಗಿಳಿ, ಕಳಂಕ. ಅಪ್ಪ ಎಂಬ ಮಾತು ಬಂದಾಗ ಅವಳ ಅಪ್ಪ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ.

“ಇದನ್ನ ಬರದವರು ಇಲ್ಲೇ ಅದಾರ. ಯಾರು ಅಂತ ನನಗ ಗೊತ್ತಿಲ್ಲ. ಯಾರ ಆಗಲಿ, ಕೇಳಬೇಕು” ಎಂದು ಶುರು ಮಾಡಿದಳು.

ಅವಳು ಏನು ಹೇಳಿದಳೆಂದು ನಾನಿಲ್ಲಿ ಬರೆದರೆ ಅರ್ಧ ನನ್ನದಾದೀತು, ಆದ್ದರಿಂದ ಬರೆಯುವುದಿಲ್ಲ. ಯಾರೂ ಅದನ್ನು ಅವಳಿಗೆ ಕಲಿಸಿರಲಿಲ್ಲ ಎಂಬುದಷ್ಟೇ ಖಾತ್ರಿ. ಹೇಳುವಾಗ ಒಮ್ಮೆ ಮುಂದಿನ ಸಾಲು ನೋಡುತ್ತಿದ್ದಳು, ಒಮ್ಮೆ ಬಾಗಿಲು ನೋಡುತ್ತಿದ್ದಳು. ಹೆಚ್ಚಾಗಿ ಬಾಗಿಲು. ಸುಜಾತಾ ಕಣ್ಣು ತಪ್ಪಿಸದೆ ನಿಂತು, ತನಗೇ ಹೇಳಿದ್ದೆಂಬಂತೆ ಎಲ್ಲವನ್ನೂ ಕೇಳಿಸಿಕೊಂಡಳು. ಗಂಟೆ ಬಾರಿಸಿದರು. ದೂರದರ್ಶನದ ಬಗ್ಗೆ ರೇಣುಕಾ ಒಂದು ಮಾತೂ ಆಡಿರಲಿಲ್ಲ. ವಿಷಯಾಂತರ ಎಂದು ತೀರ್ಪುಗಾರರು ಅಂಕ ಕೊಡಲಿಲ್ಲ.

“ಏನವಾ, ಯಾರಿಗೆ ಹೇಳಿದ್ಲು ಈಕಿ?” ಎಂದು ಭೂಪಾಲಣ್ಣ ಸಭಾಭವನದ ಮೆಟ್ಟಿಲು ಇಳಿಯುವಾಗ ನನ್ನನ್ನು ಕೇಳಿದರು.

“ಚಶ್ಮಾ ಹಾಕ್ಕೊಂಡು ಬಂದಿದ್ರ ಗೊತ್ತಾಗತಿತ್ರಿ” ಎಂದೆ.

ಸೋಮವಾರದಿಂದ ಹುಡುಗಿಯರು ಸಂಜೆ ಮತ್ತೆ ನಿಲ್ಲತೊಡಗಿದರು ಎಂದು ಸುಜಾತಾ ಬರೆದಳು. ರೇಣುಕಾ ಕೂಡ. ಆ ಹಾಳೆಯ ಮಾತನ್ನು ಅವಳು ಎತ್ತಲಿಲ್ಲ, ಇವಳೂ ಎತ್ತಲಿಲ್ಲ. ಮುಂದೆ ಗುಂಪು ಬಡಕಲಾಗಿ ನಿಂತುಹೋಯಿತು. ಜೋಶಿ ಕಾಕಾ ಮಷೀನು ಮಾರಿದರು.

ಮೊನ್ನೆ, ಈ ಚುಕ್ಕೆಗಳ ಮೇಲ್ ಬರುವುದಕ್ಕೆ ಕೆಲವೇ ದಿನಗಳ ಹಿಂದೆ, ಹತ್ತರಗಿಯಲ್ಲಿ ಬಸ್ಸು ಹತ್ತಿದೆ. ಕಿಟಕಿಯ ಬಳಿಯ ಎತ್ತರದ ಹೆಂಗಸು ನನ್ನನ್ನೇ ನೋಡುತ್ತಿದ್ದಳು. “ಅಕ್ಕಾರ, ಗುರುತು ಸಿಗಲಿಲ್ಲೇನ್ರಿ? ದಡ್ಡಿ ರೇಣುಕಾ” ಎಂದಳು. ಈಗ ಕಲ್ಲೋಳಿಯ ಸಹಕಾರಿ ಸಂಘದಲ್ಲಿ ಕೆಲಸವಂತೆ. ಸುಜಾತಾ ಟೀಚರನ್ನು ಹಬ್ಬಕ್ಕೆ ದಡ್ಡಿಯ ತವರಿಗೆ ಕರೆದು ಊಟ ಹಾಕಿ ಬರುತ್ತಿದ್ದೇನೆ, ಮಗಳಿಗೆ ಅವರದೇ ಹೆಸರಿಟ್ಟಿದ್ದೇನೆ ಎಂದು ಹೇಳಿದಳು. ಆಮೇಲೆ ದನಿ ತಗ್ಗಿಸಿದಳು.

“ಅಕ್ಕಾರ, ಇಷ್ಟು ವರ್ಷ ಆತು. ಈಗರ ಖರೆ ಹೇಳ್ರಿ. ಅದನ್ನ ಟೀಚರ್ ಬರದಿದ್ದಿಲ್ಲ ಹೌದಲ್ರಿ?”

“ಇಲ್ಲ” ಎಂದೆ. “ಖರೇನ ಇಲ್ಲ.”

ರೇಣುಕಾ ನಕ್ಕಳು. “ನೀವು ಅವರ ಗೆಳತಿ. ಮತ್ತೇನ ಅಂದೀರಿ” ಎಂದು, ಮಗುವನ್ನು ತೊಡೆಗೆ ಎಳೆದುಕೊಂಡು ಪಕ್ಕದಲ್ಲಿ ಜಾಗ ಮಾಡಿದಳು.

ನನ್ನ ಹತ್ತಿರ ಇನ್ನೂ ನಾಲ್ಕು ವಾದಗಳಿದ್ದವು. ಸುಮ್ಮನೆ ಕೂತೆ.